ಸ್ಪೆಕ್ಟ್ರೋಸ್ಕೋಪಿ ಮಾಡಿಸಿದ್ರೆ ಟ್ಯೂಮರ್ರೋ ಟಿಬಿ ಗಡ್ಡೆನೋ ಅಂತ ಗೊತ್ತಾಗುತ್ತಾ?

ಅಣ್ಣಂಗೆ ಫಿಟ್ಸ್ ಬಂದು ಎಂಆರ್‌ಐ ಮಾಡಿಸಿದಾಗ ಮೆದುಳಲ್ಲಿ ಉಂಗುರದ ಥರ ಗಡ್ಡೆ ಕಂಡಿದೆ, ಟ್ಯೂಮರ್ರೋ ಟಿಬಿನೋ ಅಂತ ಡೌಟು, ಸ್ಪೆಕ್ಟ್ರೋಸ್ಕೋಪಿ (ಗಡ್ಡೆಯೊಳಗಿನ ರಾಸಾಯನಿಕ ಅಳೆಯೋ ಸ್ಕ್ಯಾನ್) ಬರ್ಕೊಟ್ಟಿದಾರೆ, ಇದ್ರಿಂದ ಬಯಾಪ್ಸಿ (ಗಡ್ಡೆ ಚೂರು ತೆಗೆದು ಪರೀಕ್ಷೆ ಮಾಡೋದು) ತಪ್ಪುತ್ತಾ ಅಂತ ಕೇಳಿದೀರ. ನಾನು ಡಾಕ್ಟ್ರಲ್ಲ, ಎಂಆರ್‌ಐ ಟೆಕ್ನಿಷಿಯನ್. ಕೆಲವು ಸಲ ತಪ್ಪುತ್ತೆ, ಆದ್ರೆ ಅದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ.

ಮಷಿನ್ ಅದೇ, ರೇಡಿಯೇಷನ್ ಇಲ್ಲ, ಇನ್ನೊಂದಷ್ಟು ನಿಮಿಷ ಅಲುಗಾಡದೆ ಮಲಗ್ಬೇಕು ಅಷ್ಟೆ. ನಾವು ಗಡ್ಡೆ ಮೇಲೆ ಒಂದು ಚೌಕ ಇಡ್ತೀವಿ, ವಾಕ್ಸೆಲ್ ಅಂತಾರೆ, ಅದ್ರೊಳಗಿನ ರಾಸಾಯನಿಕಗಳು ಗ್ರಾಫಲ್ಲಿ ಪೀಕ್ ಆಗಿ ಬರ್ತವೆ. ಗ್ರಾಫಿನ ಅಡಿಯಲ್ಲಿರೋ ಪಿಪಿಎಂ ಅನ್ನೋ ಅಳತೇಲಿ 2.0 ಹತ್ರ ಎನ್‌ಎಎ, ಅದು ನರಕೋಶದ್ದು, ಆರೋಗ್ಯವಾಗಿರೋ ಮೆದುಳಲ್ಲಿ ಅದೇ ಎಲ್ಲಕ್ಕಿಂತ ಎತ್ತರ. 3.2ರಲ್ಲಿ ಕೋಲೀನ್, ಕೋಶಗಳು ಜೋರಾಗಿ ಬೆಳೀತಿದ್ರೆ ಏರುತ್ತೆ. ಗ್ಲಿಯೋಮಾ (ಮೆದುಳಲ್ಲೇ ಹುಟ್ಟೋ ಟ್ಯೂಮರ್) ಆದ್ರೆ ಸಾಮಾನ್ಯವಾಗಿ ಕೋಲೀನ್ ಮೇಲೆ, ಎನ್‌ಎಎ ಕೆಳಗೆ. ಟಿಬಿ ಗಡ್ಡೇಲಿ 1.3ರ ಹತ್ರ ಲಿಪಿಡ್ (ಕೊಬ್ಬು) ಪೀಕ್ ದಪ್ಪಗೆ ಎದ್ದು ನಿಂತಿರುತ್ತೆ, ಯಾಕಂದ್ರೆ ಟಿಬಿ ಬ್ಯಾಕ್ಟೀರಿಯಾದ ಗೋಡೇಲೇ ಕೊಬ್ಬು ಜಾಸ್ತಿ, ಗಡ್ಡೆಯೊಳಗೆ ಸತ್ತಿರೋ ಅಂಶಾನೂ ಸೇರ್ಕೊಂಡಿರುತ್ತೆ. ಕೀವು ತುಂಬಿದ್ದಾದ್ರೆ 0.9ರಲ್ಲಿ ಅಮೈನೋ ಆಸಿಡ್, 1.9ರಲ್ಲಿ ಅಸಿಟೇಟ್ ಸಿಗಬಹುದು.

ಕೇಳಕ್ಕೆ ಸಲೀಸು, ಎಡವಟ್ಟಾಗೋದು ಚೌಕ ಇಡೋ ಜಾಗದಲ್ಲಿ. ಜೋರಾದ ಟ್ಯೂಮರಲ್ಲೂ ನಡುಭಾಗ ಸತ್ತಿರುತ್ತೆ, ಅಲ್ಲಿಟ್ರೆ ಅಲ್ಲೂ ಲಿಪಿಡ್ಡೇ ಬರುತ್ತೆ, ನೋಡಿದೋರು ಟಿಬಿ ಅಂದ್ಕೋಬಹುದು. ಅದಕ್ಕೇ ಉಂಗುರದ ಗೋಡೇನೂ ಸೇರೋ ಹಾಗೆ ಇಡ್ಬೇಕು, ಸುತ್ತ ಊತ ಇರೋ ಜಾಗದಲ್ಲೂ ಒಂದು ತಗೊಂಡ್ರೆ ಒಳ್ಳೇದು, ಗ್ಲಿಯೋಮಾ ಅಂಚು ದಾಟಿ ಹರಡಿರೋದ್ರಿಂದ ಅಲ್ಲೂ ಕೋಲೀನ್ ಏರಿರಬಹುದು, ಬೇರೆ ಕಡೆಯಿಂದ ಬಂದು ಕೂತ ಕ್ಯಾನ್ಸರಲ್ಲಿ ಸಾಮಾನ್ಯವಾಗಿ ಹಾಗಾಗಲ್ಲ. ಗಡ್ಡೆ ತೀರಾ ಚಿಕ್ಕದಾದ್ರೆ ಪಕ್ಕದ ಮೆದುಳೂ ಚೌಕದೊಳಗೆ ಸೇರ್ಕೊಳ್ಳುತ್ತೆ. ತಲೆಬುರುಡೆಗೆ ಅಂಟ್ಕೊಂಡಿದ್ರೆ, ಗಡ್ಡೇಲಿ ರಕ್ತ ಸೋರಿದ್ರೆ ಇಲ್ಲಾ ಕ್ಯಾಲ್ಸಿಯಂ ಕಟ್ಕೊಂಡಿದ್ರೆ ಗ್ರಾಫೇ ಕೆಟ್ಟೋಗುತ್ತೆ. ಇನ್ನೊಂದು, ಟಿಬಿ ಗಡ್ಡೇಲೂ ಕೆಲವೊಮ್ಮೆ ಕೋಲೀನ್ ಏರುತ್ತೆ, ಟ್ಯೂಮರ್ ಥರ ಕಾಣೋ ಡಿಮೈಲಿನೇಷನಲ್ಲೂ, ಅಂದ್ರೆ ನರದ ಹೊದಿಕೆ ಹಾಳಾಗೋ ಕಾಯಿಲೇಲೂ ಏರುತ್ತೆ (ಇದು ಎಂಥೆಂಥೋರನ್ನೂ ಯಾಮಾರ್ಸುತ್ತೆ), ಹಾಗಾಗಿ ಬರೀ ಕೋಲೀನ್ ಜಾಸ್ತಿ ಅಂತ ನೋಡಿ ಗಾಬರಿ ಬೀಳ್ಬೇಡಿ.

ಡಾಕ್ಟ್ರು ಇದೊಂದನ್ನೇ ನೋಡಲ್ಲ. ಡಿಫ್ಯೂಷನ್ (ಗಡ್ಡೆಯೊಳಗೆ ನೀರು ಹೇಗೆ ಓಡಾಡುತ್ತೆ ಅಂತ ತೋರ್ಸೋ ಸ್ಕ್ಯಾನ್), ಪರ್ಫ್ಯೂಷನ್ (ರಕ್ತ ಎಷ್ಟು ಹರೀತಿದೆ ಅಂತ ತೋರ್ಸೋದು), ಎದೆ ಸಿಟಿ, ಬೇಕಾದ್ರೆ ಬೆನ್ನುಹುರಿ ನೀರು, ಎಲ್ಲ ಸೇರ್ಸಿ ನೋಡ್ತಾರೆ. ಎಲ್ಲಾ ಟಿಬಿ ಕಡೆಗೇ ವಾಲಿದ್ರೆ ಔಷಧಿ ಶುರು ಮಾಡಿ ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸೋದೂ ಉಂಟು. ಹೊಂದಿಕೆ ಆಗ್ಲಿಲ್ಲ ಅಂದ್ರೆ ಬಯಾಪ್ಸಿನೇ, ಗ್ರಾಫ್ ಚೆನ್ನಾಗಿದೆ ಅಂತ ಅದನ್ನ ಮುಂದೂಡ್ಬೇಡಿ.

ರಿಪೋರ್ಟ್ ಹಾಳೆ ಒಂದೇ ತಗೊಂಡು ಬರ್ಬೇಡಿ, ಸಿಡಿ ಜೊತೆಗೆ ಚೌಕ ಎಲ್ಲಿಟ್ಟಿದಾರೆ ಅಂತ ತೋರ್ಸೋ ಚಿತ್ರನೂ ಕೇಳಿ ಇಸ್ಕೊಳ್ಳಿ, ನ್ಯೂರೋಸರ್ಜನ್ ಅದನ್ನೇ ಮೊದ್ಲು ಕೇಳಬಹುದು. ಅಲ್ಲೀವರೆಗೂ ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಿಸ್ಬೇಡಿ.