ವಿದ್ಯುತ್ ದರದ ವಿಚಾರಣೆಯಲ್ಲಿ ಸಾಮಾನ್ಯ ಗ್ರಾಹಕ ಕಕ್ಷಿದಾರನಾಗಬಹುದೇ?

ನಿಮ್ಮ ಪ್ರಶ್ನೆ ಇದು: ‘ನಮ್ಮ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ದರ ಏರಿಸಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಿದೆ. ನನ್ನಂತಹ ಸಾಮಾನ್ಯ ಗ್ರಾಹಕ ಆ ವಿಚಾರಣೆಯಲ್ಲಿ ಕಕ್ಷಿದಾರನಾಗಿ ಸೇರಬಹುದೇ? ವಕೀಲರು ಬೇಕೇ?’

ವಕೀಲರು ಬೇಕಿಲ್ಲ. ಕಕ್ಷಿದಾರರಾಗುವ ಅಗತ್ಯವೂ ಇಲ್ಲ, ಆಕ್ಷೇಪಣೆದಾರರಾದರೆ ಸಾಕು. ನಾನು ಹಿಟ್ಟಿನ ಗಿರಣಿ ನಡೆಸುವವನು, ಕಾನೂನು ಓದಿದವನಲ್ಲ. ಆದರೂ ಈ ವಿಚಾರಣೆಗಳಿಗೆ ನಾಲ್ಕು ಸಲ ಹೋಗಿದ್ದೇನೆ, ಮೊದಲ ಸಲ ಚೆನ್ನಾಗಿಯೇ ಮುಗ್ಗರಿಸಿದ್ದೇನೆ. ಗಿರಣಿ ತಿಂಗಳಿಗೆ ಸುಮಾರು 1,500 ಯೂನಿಟ್ ನುಂಗುತ್ತದೆ. 2025ರ ಏಪ್ರಿಲ್‌ನಿಂದ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿದಾಗ ಅದೊಂದರಿಂದಲೇ ನನ್ನ ಬಿಲ್ಲು 540 ರೂಪಾಯಿ ಹಿಗ್ಗಿತು. ಪೈಸೆಯ ಲೆಕ್ಕ ಕೇಳಲು ನಾನು ಬೆಂಗಳೂರಿನ ಬಸ್ ಹತ್ತುವುದೇಕೆ ಎಂದು ಇನ್ನು ವಿವರಿಸಬೇಕಿಲ್ಲ.

ಕಾನೂನಿನ ಬಲ ಎಷ್ಟಿದೆ ಎಂದು ಮೊದಲು ತಿಳಿದುಕೊಳ್ಳಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಕಂಪನಿ ತನ್ನ ದರದ ಅರ್ಜಿಯನ್ನು ಸಾರ್ವಜನಿಕವಾಗಿ ಪ್ರಕಟಿಸಲೇಬೇಕು. ಆಯೋಗ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನೆಲ್ಲ ಪರಿಗಣಿಸಿ 120 ದಿನಗಳೊಳಗೆ ಆದೇಶ ಕೊಡಬೇಕು. ದರ ನಿಗದಿಯಲ್ಲಿ ಗ್ರಾಹಕರ ಮಾತು ಕೇಳಬೇಕು ಎಂಬುದನ್ನು ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ 2002ರಲ್ಲೇ ಎತ್ತಿಹಿಡಿದಿದೆ. ಆದರೆ ಬಂದವರೆಲ್ಲರ ಮಾತನ್ನು ಮನಬಂದಷ್ಟು ಹೊತ್ತು ಕೇಳುತ್ತ ಕೂರಬೇಕೆಂದಿಲ್ಲ, ಹೇಗೆ ಕೇಳಬೇಕೆಂಬುದನ್ನು ಆಯೋಗವೇ ಗೊತ್ತುಮಾಡಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ನಿಮಗೆ ಸಿಗುವುದು ಐದೇ ನಿಮಿಷ ಎಂದರೆ ಬೇಸರಪಡಬೇಡಿ.

ಮೊದಲ ವರ್ಷ ನಾನು ಬರೆದುಕೊಡದೆ ಬರಿಗೈಯಲ್ಲಿ ಹೋಗಿದ್ದೆ. ಪಟ್ಟಿಯಲ್ಲಿದ್ದವರೆಲ್ಲ ಮಾತನಾಡಿದ ಮೇಲೆ, ಕೃಪೆಯಿಂದ ಎನ್ನುವಂತೆ, ನನಗೂ ಮೈಕ್ ಕೊಟ್ಟರು. ವೋಲ್ಟೇಜ್ ಇಲ್ಲ, ಮೋಟಾರ್ ಎರಡು ಸಲ ಸುಟ್ಟಿತು, ಲೈನ್‌ಮನ್ ಫೋನ್ ಎತ್ತುವುದಿಲ್ಲ ಎಂದು ಒದರಿದೆ. ಹಿಂದಿನ ಸಾಲಿನವರು ಚಪ್ಪಾಳೆಯನ್ನೂ ತಟ್ಟಿದರು. ಪೀಠದಿಂದ ಬಂದ ಉತ್ತರ ತಣ್ಣಗಿತ್ತು: ಇದು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬೇಕಾದ ದೂರು, ಅಲ್ಲಿ ಪರಿಹಾರ ಸಿಗದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ. ಅವರು ಹೇಳಿದ್ದು ಸರಿ. ದರದ ವಿಚಾರಣೆಯಲ್ಲಿ ಚರ್ಚೆಯಾಗುವುದು ಕಂಪನಿಗೆ ವರ್ಷಕ್ಕೆ ಎಷ್ಟು ಹಣ ಬೇಕು, ಅದನ್ನು ಯಾರಿಂದ ಎಷ್ಟು ವಸೂಲು ಮಾಡಬೇಕು ಎಂಬ ಎರಡೇ ಸಂಗತಿ. ನಿಮ್ಮ ಮಾತು ಅವೆರಡರಲ್ಲಿ ಒಂದಕ್ಕಾದರೂ ತಾಗಬೇಕು.

ಆದ್ದರಿಂದ ಬರೆದು ಕೊಡಿ. ಬರೆದುಕೊಟ್ಟ ಆಕ್ಷೇಪಣೆಗೆ ಕಂಪನಿ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಮತ್ತು ದರ ಆದೇಶದಲ್ಲಿ ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ದಾಖಲಾಗುತ್ತವೆ. ನಾನು ಕನ್ನಡದಲ್ಲೇ ಬರೆದೆ, ಯಾರೂ ತಕರಾರು ಮಾಡಲಿಲ್ಲ. ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಬೇಕು; ನೋಟರಿ ಮುಂದೆ ಸಹಿ ಮಾಡಿ ಲಗತ್ತಿಸಿ. ಪತ್ರಿಕಾ ಪ್ರಕಟಣೆಯಲ್ಲಿ ಎಷ್ಟು ಪ್ರತಿ ಕೇಳಿದ್ದಾರೋ ಅಷ್ಟನ್ನೂ ಕೊಡಿ, ಕಂಪನಿಗೂ ಒಂದು ಪ್ರತಿ ತಲುಪಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಮುಖತಃ ಮಾತನಾಡುವ ಇಚ್ಛೆಯಿದ್ದರೆ ಅದನ್ನೂ ಪತ್ರದಲ್ಲೇ ನಮೂದಿಸಿ. ನನ್ನ ಎರಡನೇ ವರ್ಷದ ಪ್ರತಿಗಳ ಮಡಿಕೆಯಲ್ಲೆಲ್ಲ ರಾಗಿ ಹಿಟ್ಟು. ವಸಂತನಗರದ ಆಯೋಗದ ಕಚೇರಿಯಲ್ಲಿ ಮುದ್ರೆ ಒತ್ತಿದವರು ಅದನ್ನು ಮೇಜಿನ ಮೇಲೆ ಕೊಡವಿ ನಕ್ಕರು.

ಇನ್ನು ಏನು ಬರೆಯಬೇಕು? ಸಿಬ್ಬಂದಿ ವೆಚ್ಚ, ಸಾಲದ ಬಡ್ಡಿ, ವಿದ್ಯುತ್ ಖರೀದಿ ಎಲ್ಲವನ್ನೂ ಕೆದಕಲು ಹೋಗಬೇಡಿ. ಅದಕ್ಕೆ ಕೈಗಾರಿಕಾ ಸಂಘಗಳು ಲೆಕ್ಕಿಗರನ್ನೇ ಕರೆತರುತ್ತವೆ. ನಿಮ್ಮ ಕಣ್ಣೆದುರಿಗಿರುವ ಒಂದೇ ಒಂದು ಅಂಕಿಯನ್ನು ಹಿಡಿಯಿರಿ. ನಾನು ಹಿಡಿದದ್ದು ನೀರಾವರಿ ಪಂಪ್‌ಸೆಟ್‌ಗಳನ್ನು.

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಹಣವನ್ನು ಸರ್ಕಾರ ಸಹಾಯಧನವಾಗಿ ಕಟ್ಟಿಕೊಡುತ್ತದೆ. ಬಹುಪಾಲು ಪಂಪ್‌ಗಳಿಗೆ ಮೀಟರ್ ಇಲ್ಲ, ಬಳಕೆಯೆಲ್ಲ ಅಂದಾಜು. ಕಂಪನಿಗೆ ಬಂದ ಒಟ್ಟು ವಿದ್ಯುತ್ತಿನಲ್ಲಿ ಮೀಟರ್ ಮೂಲಕ ಮಾರಿದ್ದನ್ನೂ ಈ ಅಂದಾಜನ್ನೂ ಕಳೆದರೆ ಉಳಿಯುವುದು ವಿತರಣಾ ನಷ್ಟ. ಅಂದಾಜು ಉಬ್ಬಿದಷ್ಟೂ ನಷ್ಟ ಕಾಗದದ ಮೇಲೆ ಕುಗ್ಗುತ್ತದೆ. ನಷ್ಟ ಆಯೋಗ ಹಾಕಿದ ಮಿತಿ ಮೀರಿದರೆ ಹೊರೆ ಕಂಪನಿಯ ಮೇಲೆ ಬೀಳುವುದರಿಂದ, ಅಂದಾಜಿನ ಮೇಲೆ ಒಂದು ಕಣ್ಣಿಡುವುದು ಗ್ರಾಹಕರಿಗೆ ಲಾಭ. ಪಂಪ್‌ಸೆಟ್‌ಗಳನ್ನು ಜಿಪಿಎಸ್ ಸಮೀಕ್ಷೆ ಮಾಡಿ, ಬತ್ತಿದ ಬಾವಿಗಳನ್ನು ಪಟ್ಟಿಯಿಂದ ತೆಗೆಯಿರಿ ಎಂದು ಆಯೋಗವೇ ಎಸ್ಕಾಂಗಳಿಗೆ ಸೂಚಿಸಿತ್ತು.

ನಾನು ಮಾಡಿದ್ದು ಇಷ್ಟೇ. ನಮ್ಮೂರಿನ ಒಂದು ಟಿಸಿಗೆ (ಟ್ರಾನ್ಸ್‌ಫಾರ್ಮರ್‌ಗೆ) ಸೇರಿದ ಪಂಪ್‌ಸೆಟ್‌ಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದೆ. ಖರ್ಚು ಹತ್ತು ರೂಪಾಯಿ. ಪಟ್ಟಿಯಲ್ಲಿ 14 ಪಂಪ್ ಇದ್ದವು. ಒಂದು ಭಾನುವಾರ ಬೈಕಿನಲ್ಲಿ ತೋಟ ತೋಟ ಸುತ್ತಿದೆ. ಐದು ಕೊಳವೆಬಾವಿ ಬತ್ತಿ ವರ್ಷಗಳಾಗಿದ್ದವು. ಒಂದರ ಕೇಸಿಂಗ್ ಪೈಪಿನ ಬಾಯಿಗೆ ಗೋಣಿಚೀಲ ತುರುಕಿ ಮೇಲೆ ಚಪ್ಪಡಿ ಕಲ್ಲು ಇಟ್ಟಿದ್ದರು, ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕಣಜ ಗೂಡು ಕಟ್ಟಿತ್ತು. 5 ಎಚ್‌ಪಿ ಎಂದರೆ 3.73 ಕಿಲೋವಾಟ್. ದಿನಕ್ಕೆ ಏಳು ಗಂಟೆ ಓಡಿದರೆ 26 ಯೂನಿಟ್. ಐದು ಪಂಪ್, ವರ್ಷಕ್ಕೆ 200 ದಿನ ಎಂದಿಟ್ಟುಕೊಂಡರೂ 26,000 ಯೂನಿಟ್, ಹನಿ ನೀರೂ ಎತ್ತದೆ. ಇದನ್ನು ಒಂದು ಪುಟದಲ್ಲಿ ಬರೆದು, ಫೋಟೊ ಅಂಟಿಸಿ ಕೊಟ್ಟೆ. ಆ ಸಲ ಮೈಕ್ ಮುಂದೆ ಮೂರು ನಿಮಿಷವೂ ಬೇಕಾಗಲಿಲ್ಲ, ಚಪ್ಪಾಳೆಯೂ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ಕಡತ ಹಿಡಿದು ಕೂತಿದ್ದ ಎಂಜಿನಿಯರುಗಳು ಮಾತ್ರ ಪುಟ ತಿರುವತೊಡಗಿದರು.

ಒಂದು ಎಚ್ಚರಿಕೆ. ಅರ್ಜಿಗಳು ಸಾಮಾನ್ಯವಾಗಿ ನವೆಂಬರ್ ಕೊನೆಗೆ ಸಲ್ಲಿಕೆಯಾಗುತ್ತವೆ, ಪ್ರಕಟಣೆ ಬಂದ ಮೇಲೆ ಆಕ್ಷೇಪಣೆಗೆ ಸಿಗುವುದು ಸುಮಾರು ಒಂದು ತಿಂಗಳು. ಮಾಹಿತಿ ಹಕ್ಕಿನ ಉತ್ತರಕ್ಕೂ 30 ದಿನ ಬೇಕು. ಪ್ರಕಟಣೆ ನೋಡಿದ ಮೇಲೆ ಮಾಹಿತಿ ಕೇಳಲು ಹೊರಟರೆ ಮದುವೆ ಮುಗಿದ ಮೇಲೆ ಓಲಗದವರನ್ನು ಹುಡುಕಿದಂತೆ. ಸೆಪ್ಟೆಂಬರ್‌ನಲ್ಲೇ ಕೇಳಿಬಿಡಿ.

ಕಕ್ಷಿದಾರನಾಗಿಯೇ ಸೇರಬೇಕಾದ ಸಂದರ್ಭ ಬೇರೆ. ವಿದ್ಯುತ್ ಉತ್ಪಾದಕ ಕಂಪನಿಗೂ ಎಸ್ಕಾಂಗೂ ಖರೀದಿ ಒಪ್ಪಂದದ ವಿವಾದ ಇದೆ ಎಂದುಕೊಳ್ಳಿ. ಅಂತಹ ಅರ್ಜಿಯಲ್ಲಿ ಇಬ್ಬರೇ ಎದುರುಬದುರು. ಮೂರನೆಯವರು ಬರಬೇಕಾದರೆ ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಮಧ್ಯಂತರ ಅರ್ಜಿ ಹಾಕಿ, ಆದೇಶದಿಂದ ತಮಗೆ ನೇರವಾಗಿ ಏನು ನಷ್ಟ ಎಂದು ತೋರಿಸಬೇಕು. ‘ನಾನೂ ಬಿಲ್ಲು ಕಟ್ಟುತ್ತೇನೆ’ ಎಂದರೆ ಸಾಲದು. ಅಲ್ಲಿ ಒಬ್ಬಂಟಿಯಾಗಿ ಹೋಗುವುದಕ್ಕಿಂತ ನೋಂದಾಯಿತ ಗ್ರಾಹಕರ ಸಂಘದ ಮೂಲಕ, ವಕೀಲರ ಜೊತೆಗೇ ಹೋಗುವುದು ಮೇಲು. ಗ್ರಾಹಕರ ಹಿತವನ್ನು ಪ್ರತಿನಿಧಿಸಲು ತನಗೆ ಸರಿಕಂಡವರಿಗೆ ಅಧಿಕಾರ ಕೊಡಲು 94ನೇ ಸೆಕ್ಷನ್ ಆಯೋಗಕ್ಕೆ ಅವಕಾಶ ನೀಡುತ್ತದೆ, ಅದನ್ನು ಉಲ್ಲೇಖಿಸಿ.

ದರ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳಲ್ಲಿ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. 111ನೇ ಸೆಕ್ಷನ್ ಬಳಸುವ ಪದ ‘ಕಕ್ಷಿದಾರ’ ಅಲ್ಲ, ‘ಬಾಧಿತ ವ್ಯಕ್ತಿ’. ಬಾಗಿಲೇನೋ ಅಗಲವಾಗಿಯೇ ಇದೆ, ಆದರೆ ಮೇಲ್ಮನವಿಯ ಶುಲ್ಕವೇ ಒಂದು ಲಕ್ಷ ರೂಪಾಯಿ. ಗಿರಣಿಯವನಿಗೆ ಅದು ದೂರದ ಮಾತು.

ಬತ್ತಿದ ಬಾವಿಗಳ ಲೆಕ್ಕ ಮಂಡಿಸಿದ ದಿನ ಊಟದ ಬಿಡುವಿನಲ್ಲಿ ಕಂಪನಿಯ ಎಂಜಿನಿಯರ್ ಒಬ್ಬರು ಹುಡುಕಿಕೊಂಡು ಬಂದು ಟಿಸಿ ಸಂಖ್ಯೆ ಬರೆದುಕೊಂಡರು. ಮರುವರ್ಷ ಮತ್ತೆ ಹತ್ತು ರೂಪಾಯಿ ಕಟ್ಟಿ ಪಟ್ಟಿ ತರಿಸಿದೆ. ಐದರಲ್ಲಿ ನಾಲ್ಕು ಹೋಗಿದ್ದವು. ಕಣಜದ ಗೂಡಿನದ್ದು ಮಾತ್ರ ಇನ್ನೂ ಇದೆ, ಈ ಸಲದ ಆಕ್ಷೇಪಣೆಗೆ ಅದನ್ನೇ ಇಟ್ಟುಕೊಂಡಿದ್ದೇನೆ.