ಉಣ್ಣೆಯಲ್ಲಿ ಹೆಣೆದ ಹವಳ ನಿಜವಾದ ಹವಳದ ಹಾಗೇ ಕಾಣುವುದು ಯಾಕೆ?

ಹವಳದ ಮಡಿಕೆಗಳಿಗೂ ಆ ಹೆಣಿಗೆಗೂ ಜ್ಯಾಮಿತಿ ಒಂದೇ, ಅದಕ್ಕೆ.

ನೀವು ಕೇಳುತ್ತಿರುವುದು 'ಕ್ರೋಶಾ ಕೋರಲ್ ರೀಫ್' ಬಗ್ಗೆ, ಅಂದರೆ ಕ್ರೋಶಾದಲ್ಲಿ (ಕೊಕ್ಕೆಸೂಜಿಯ ಹೆಣಿಗೆಯಲ್ಲಿ) ಮಾಡಿದ ಹವಳದ ದಿಬ್ಬಗಳ ಬಗ್ಗೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ ಅವಳಿ ಸೋದರಿಯರಾದ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ 2005ರಲ್ಲಿ ಇದನ್ನು ಶುರು ಮಾಡಿದರು. ಒಬ್ಬರು ವಿಜ್ಞಾನ ಲೇಖಕಿ, ಇನ್ನೊಬ್ಬರು ಕಲಾವಿದೆ. ಎರಡೂ ಬೇಕಿತ್ತು ಈ ಕೆಲಸಕ್ಕೆ.

ಕ್ರೋಶಾ ಹಾಕುವಾಗ ಪ್ರತಿ ಮೂರು ಹೊಲಿಗೆಗೆ ಒಂದು ಜಾಸ್ತಿ ಸೇರಿಸುತ್ತಾ ಹೋಗಿ ಅಂದುಕೊಳ್ಳಿ. ಕೆಲವು ಸುತ್ತು ಕಳೆದ ಮೇಲೆ ಅಂಚು ಎಷ್ಟು ಉದ್ದವಾಗುತ್ತದೆ ಅಂದರೆ, ಚಪ್ಪಟೆಯಾಗಿ ಕೂರಲು ಜಾಗ ಸಾಲುವುದಿಲ್ಲ. ಲಂಗದ ಫ್ರಿಲ್ ಹಾಗೆ ಅಲೆಅಲೆಯಾಗಿ ಮಡಚಿಕೊಳ್ಳುತ್ತದೆ. ಇದೇ ಹೈಪರ್‌ಬಾಲಿಕ್ ಮೇಲ್ಮೈ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಇದನ್ನು ಮೊದಲು ಕ್ರೋಶಾದಲ್ಲಿ ಮಾಡಿ ತೋರಿಸಿದರು. ಹವಳಕ್ಕೂ ಈ ಆಕಾರ ಲಾಭ: ಚಿಕ್ಕ ಜಾಗದಲ್ಲೇ ಹೆಚ್ಚು ಮೈ ಸಿಗುತ್ತದೆ, ನೀರಿನಿಂದ ಆಹಾರ ಹಿಡಿಯಲು ಅನುಕೂಲ.

ಸೋದರಿಯರ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಹೊಲಿಗೆಯ ಲೆಕ್ಕವನ್ನು ಬೇಕಂತಲೇ ಏರುಪೇರು ಮಾಡಿದರು. ಆಗ ಗಣಿತದ ಮಾದರಿಯಂತಿದ್ದ ತುಣುಕುಗಳು ಜೀವಿಗಳ ಹಾಗೆ ಕಾಣತೊಡಗಿದವು. ಈ ಇಡೀ ಕೆಲಸ ಸುಮ್ನೆ ಚಂದಕ್ಕೆ ಮಾಡಿದ್ದಲ್ಲ. ಸಮುದ್ರ ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಅಲ್ವಾ? ಅದನ್ನು ತೋರಿಸಲು ಬಿಳಿಚಿದ ಹವಳವನ್ನೂ ಹೆಣೆದರು. ಪ್ಲಾಸ್ಟಿಕ್ ಕಸದಿಂದಲೇ ಇನ್ನೊಂದು ದಿಬ್ಬ ಕಟ್ಟಿದರು. ಬೇರೆ ಬೇರೆ ಊರುಗಳಲ್ಲಿ ಸಾವಿರಾರು ಜನ, ಹೆಚ್ಚಿನವರು ಹೆಂಗಸರು, ತಮ್ಮೂರಿನ ದಿಬ್ಬಗಳನ್ನು ತಾವೇ ಹೆಣೆದಿದ್ದಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.