ಮೂರು ವರ್ಷದ ಮಗನಿಗೆ ಭೇದಿ ನಿಲ್ಲಿಸುವ ಮಾತ್ರೆ ಅರ್ಧ ಕೊಡಬಹುದಾ? ನಾಳೆ ರಾತ್ರಿ ಬಸ್ಸಿದೆ

ಕೊಡಬೇಡಿ. ಅರ್ಧವೂ ಬೇಡ, ಕಾಲೂ ಬೇಡ. ಮನೆಯಲ್ಲಿರುವ ದೊಡ್ಡವರ ಲೋಪೆರಮೈಡ್ ಮಾತ್ರೆ ಅಂತ ನೀವು ಬರೆದಿದ್ದನ್ನು ಓದಿ ನನ್ನ ಕೈ ನಡುಗಿತು. 2013ರ ಮೇ ತಿಂಗಳಲ್ಲಿ ನಾನೂ ಅದನ್ನೇ ಮಾಡಿದ್ದೆ.

ನಾದಿನಿಯ ಮದುವೆಗೆ ಬೆಂಗಳೂರಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಮಗಳಿಗೆ ಎರಡೂವರೆ ವರ್ಷ, ತೂಕ 11 ಕೆಜಿ. ಬೆಳಗ್ಗೆಯಿಂದ ಏಳೆಂಟು ಸಲ ನೀರು ನೀರಾಗಿ ಹೋಗಿತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ, "ಅರ್ಧ ಮಾತ್ರೆ ಕೊಡಿ ಮೇಡಂ, ಏನೂ ಆಗಲ್ಲ" ಅಂದರು. 2 ಮಿಲಿಗ್ರಾಂ ಮಾತ್ರೆಯನ್ನು ಚಾಕುವಿನಲ್ಲಿ ಎರಡು ಮಾಡಿ, ಚಮಚದಲ್ಲಿ ಅರೆದು, ಜೇನುತುಪ್ಪದಲ್ಲಿ ನೆಕ್ಕಿಸಿದೆ. ಮಧ್ಯಾಹ್ನ ಅರ್ಧ, ಸಂಜೆ ಹೊರಡುವ ಮುಂಚೆ ಉಳಿದರ್ಧ.

ಭೇದಿ ನಿಂತಿತು. ಅತ್ತೆ ದೇವರಿಗೆ ಕೈ ಮುಗಿದರು. ನನಗೂ ಎದೆ ಹಗುರಾಯಿತು. ಅಲ್ಲೇ ನಾನು ಎಡವಿದ್ದು.

ಮಾತ್ರೆ ಕೊಟ್ಟಿದ್ದು ತಪ್ಪೇ. ಆದರೆ ಅದಕ್ಕಿಂತ ದೊಡ್ಡ ತಪ್ಪು, ಭೇದಿ ನಿಂತಿತಲ್ಲ ಅಂತ ನಾನು ನೀರು ಕೊಡುವುದನ್ನೂ ನಿಲ್ಲಿಸಿದ್ದು. ಕುಡಿಸಿದರೆ ಬಸ್ಸಿನಲ್ಲಿ ಮತ್ತೆ ಶುರುವಾಗುತ್ತೆ ಅನ್ನುವ ಭಯ. ಓಆರ್‌ಎಸ್ ಬಾಟಲಿ ಮುಕ್ಕಾಲು ತುಂಬಿದ್ದು ಹಾಗೇ ಬ್ಯಾಗಿನಲ್ಲಿತ್ತು. ಇಡೀ ದಿನ ಎಷ್ಟು ಸಲ ಕಕ್ಕ ಹೋದಳು ಅಂತ ಎಣಿಸುತ್ತಿದ್ದೆ. ಉಚ್ಚೆ ಎಷ್ಟು ಸಲ ಹೋದಳು ಅಂತ ಒಂದು ಸಲವೂ ನೋಡಲಿಲ್ಲ. ತುಮಕೂರು ದಾಟುವಾಗ ಅವಳು ಮಲಗಿದ್ದಳು, ಸುಸ್ತಾಗಿರಬೇಕು, ಮಲಗಲಿ ಅಂದುಕೊಂಡೆ. ಚಿತ್ರದುರ್ಗ ದಾಟಿದ ಮೇಲೆ ಹೊಟ್ಟೆ ಮೇಲೆ ಕೈ ಇಟ್ಟರೆ ಬಿಗಿದ ತಮಟೆಯ ಹಾಗಿತ್ತು. ಎಬ್ಬಿಸಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು. ಅಳಲು ಬಾಯಿ ತೆರೆದಳು, ಕಣ್ಣೀರು ಬರಲಿಲ್ಲ.

ರಾತ್ರಿ ಎರಡೂವರೆಗೆ ದಾವಣಗೆರೆಯಲ್ಲಿ ಇಳಿದು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಉಚ್ಚೆ ಯಾವಾಗ ಹೋಯ್ತಮ್ಮಾ ಮಗು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇದು: "ಏನಾದರೂ ಮಾತ್ರೆ ಕೊಟ್ಟಿದ್ದೀರಾ?"

ಅವರು ಹೇಳಿದ್ದು ಹೀಗೆ. ಈ ಮಾತ್ರೆ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ, ಅಷ್ಟೇ. ಸೋಂಕು ಹೋಗುವುದಿಲ್ಲ. ಮೈಯಿಂದ ನೀರು ಕರುಳಿಗೆ ಸೋರುತ್ತಲೇ ಇರುತ್ತದೆ, ಹೊರಗೆ ಬರದೆ ಒಳಗೇ ತುಂಬಿಕೊಳ್ಳುತ್ತದೆ. ನಮಗೆ ಕಾಣುವುದಿಲ್ಲ, ಹಾಗಾಗಿ ಗುಣವಾಯಿತು ಅಂದುಕೊಳ್ಳುತ್ತೇವೆ. ಪುಟ್ಟ ಮಕ್ಕಳಲ್ಲಿ ಕರುಳು ಪೂರ್ತಿ ನಿಂತುಬಿಡಬಹುದು, ಮಂಪರು ಹತ್ತಬಹುದು, ಉಸಿರಾಟವೂ ಕುಗ್ಗಬಹುದು. ಮಗಳಿಗೆ ಮೂರು ದಿನ ಡ್ರಿಪ್ಸ್ ಹಾಕಿದರು. ಮದುವೆ ನಮ್ಮನ್ನು ಬಿಟ್ಟೇ ನಡೆಯಿತು.

ಆಮೇಲೆ ಓದಿ ತಿಳಿದೆ. 1990ರ ಹೊತ್ತಿಗೆ ಪಾಕಿಸ್ತಾನದಲ್ಲಿ ಇದೇ ಔಷಧಿಯ ಡ್ರಾಪ್ಸ್ ಕುಡಿದ ಕೂಸುಗಳಲ್ಲಿ ಕರುಳು ನಿಂತು ಸಾವುಗಳಾಗಿ, ಮಕ್ಕಳ ಡ್ರಾಪ್ಸನ್ನು ಮಾರುಕಟ್ಟೆಯಿಂದಲೇ ವಾಪಸ್ ಪಡೆದಿದ್ದರು. ಎರಡು ವರ್ಷದೊಳಗೆ ಇದು ಕೂಡದೇ ಕೂಡದು. ನಿಮ್ಮ ಮಗನಿಗೆ ಮೂರು ಆಗಿದೆ ನಿಜ, ಆದರೆ ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳಿಗೂ ಇಂಥ ಮಾತ್ರೆ ಬೇಡ ಅಂತಲೇ ಹೇಳುತ್ತದೆ.

ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಭೇದಿ ನಿಲ್ಲಿಸುವುದು ಹೇಗೆ ಅಂತ ಯೋಚಿಸುತ್ತಿರುವುದೇ ಸರಿಯಿಲ್ಲ. ಮಕ್ಕಳ ಭೇದಿ ಜಾಸ್ತಿ ವೈರಸ್‌ನಿಂದ ಬರೋದು, ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ಹೋಗುತ್ತದೆ. ಅಲ್ಲಿಯವರೆಗೆ ಹೋದ ನೀರನ್ನು ಹೋದ ಹಾಗೆ ತುಂಬಿಸುವುದೇ ನಿಮ್ಮ ಕೆಲಸ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಿ. ಪೂರ್ತಿ ಪುಡಿಯನ್ನು ಒಂದು ಲೋಟಕ್ಕೆ ಕಲಸಿದರೆ ಉಪ್ಪು ಹೆಚ್ಚಾಗಿ ಅಪಾಯ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬೇಡಿ. ಪ್ರತಿ ಭೇದಿಗೆ ಅರ್ಧದಿಂದ ಒಂದು ಲೋಟ, ಚಮಚ ಚಮಚವಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ. ಟೆಟ್ರಾಪ್ಯಾಕಿನ ಸಿಹಿ ಜ್ಯೂಸು ಓಆರ್‌ಎಸ್ ಅಲ್ಲ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿಯಾಗುತ್ತದೆ. ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು ಕೊಡುತ್ತಾ ಇರಿ, ಲಂಘನ ಮಾಡಿಸಬೇಡಿ. ಜಿಂಕ್ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್, ಜಿಂಕ್ ಎರಡೂ ಸಿಗುತ್ತದೆ.

ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಜ್ವರ ಏರಿದರೆ, ಕಣ್ಣು ಗುಳಿ ಬಿದ್ದರೆ, ಹೊಟ್ಟೆ ಉಬ್ಬಿದರೆ, ಮಗು ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ನಾಳೆಯ ಟಿಕೆಟ್ ಕ್ಯಾನ್ಸಲ್ ಮಾಡಿ. ನೆಂಟರು ಏನಂದುಕೊಂಡರೂ ಪರವಾಗಿಲ್ಲ. ಇದನ್ನು ಓದಿದ ತಕ್ಷಣ ಮೊಬೈಲ್ ಪಕ್ಕಕ್ಕಿಟ್ಟು, ಮಗ ಕೊನೆಯ ಸಲ ಉಚ್ಚೆ ಹೋಗಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಿ. ಆರು ಗಂಟೆ ಆಗಿದ್ದರೆ ಇಲ್ಲಿ ಉತ್ತರ ಬರೆಯುತ್ತಾ ಕೂರಬೇಡಿ, ಹೊರಡಿ.